ಕೋಲು ನಿಂತ ಜಾಗ

ಸೆಪ್ಟೆಂಬರ್ 12

ತಮ್ಮಾ,

ನಿನ್ನ ಕಾಗದ ಬಂತು. ಕಿವಿಗೆ ಹಾಕುವ ಯಂತ್ರ ಮತ್ತೆ ಕೈಕೊಟ್ಟಿದೆ ಎಂದು ಬರೆದಿದ್ದೀಯ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು ಬಿಡು. ಫೋನಿನಲ್ಲಿ ನಾನು ಒಂದು ಹೇಳಿ, ನೀನು ಇನ್ನೊಂದಕ್ಕೆ ಉತ್ತರ ಕೊಟ್ಟು, ಕೊನೆಗೆ ಇಬ್ಬರೂ ಕಿರುಚಾಡಿ ಗಂಟಲು ಕೆಡಿಸಿಕೊಳ್ಳುವುದಕ್ಕಿಂತ ಕಾಗದವೇ ವಾಸಿ.

ಇಲ್ಲಿ ಗಾಳಿ ತಿರುಗಿದೆ. ಬೆಳಿಗ್ಗೆ ಹೊತ್ತು ಸ್ವೆಟರ್ ಬೇಕು ಅನ್ನಿಸುತ್ತದೆ. ಷೆಡ್ಡಿನಲ್ಲಿ ಟಾರ್ಪಾಲಿನ ರಾಶಿ ಬಿದ್ದಿದೆ. ನೀನು ಮನುಷ್ಯರ ಮೈಗೆ ಹೊಲಿಯುತ್ತೀ, ನಾನು ಲಾರಿಗಳ ಮೈಗೆ. ಅಪ್ಪ ಇಬ್ಬರಿಗೂ ಒಂದೇ ಸೂಜಿ ಹಿಡಿಯಲು ಕಲಿಸಿದ್ದರು, ನಿನ್ನದು ಮಾತ್ರ ಮಾನವಂತರ ಕೆಲಸವಾಯಿತು. ಆದರೆ ಲಾರಿಗಳು ತೋಳು ಬಿಗಿಯಾಯಿತು ಎಂದು ಗೊಣಗುವುದಿಲ್ಲ, ಅದೊಂದು ಸುಖ.

ಇನ್ನೇನು ಮೀನು ಇಳಿಯುವ ಕಾಲ. ಚಳಿ ಬರುವ ಮುಂಚೆ ಸಣ್ಣ ಮೀನಿನ ಹಿಂಡುಗಳು ದಡ ಹಿಡಿದು ದಕ್ಷಿಣಕ್ಕೆ ಹೊರಡುತ್ತವೆ, ಅವುಗಳ ಬೆನ್ನು ಹತ್ತಿ ದೊಡ್ಡವು ಬರುತ್ತವೆ. ದೋಣಿ ಬೇಡ, ಬಲೆ ಬೇಡ. ಅಲೆ ಮುರಿಯುವ ಕಡೆ ಮೊಣಕಾಲು ನೀರಿನಲ್ಲಿ ನಿಂತು ಗಾಳ ಎಸೆದರೆ ಸಾಕು. ಬೆಳಗಾಗುತ್ತಲೇ ನಾವೆಲ್ಲ ಅಲ್ಲಿರುತ್ತೇವೆ. ಹಲ್ಲಿನ ಡಾಕ್ಟರು, ಬಸ್ಸಿನ ಕಂಡಕ್ಟರು, ನಾನು, ಲೈನ್‌ಮನ್.

ನೀನು ಹೋದ ಸಲ ಕೇಳಿದ್ದೆ, ಅಷ್ಟು ಜನ ಸೇರಿದರೆ ಜಾಗಕ್ಕೆ ಜಗಳ ಆಗುವುದಿಲ್ಲವೇ ಎಂದು. ಆಗುವುದಿಲ್ಲ. ನಮ್ಮಲ್ಲೊಂದು ಕಟ್ಟಳೆ ಇದೆ. ಮರಳಿಗೆ ಕೊಳವೆ ಹೊಡೆದು ಗಾಳದ ಕೋಲನ್ನು ಅದರಲ್ಲಿ ನಿಲ್ಲಿಸಿದರೆ ಆ ಜಾಗ ಆ ಕೋಲಿನವರದ್ದು. ಅವರು ಟೀ ಕುಡಿಯಲು ಹೋಗಿರಲಿ, ಮರೆಗೆ ಹೋಗಿರಲಿ, ಮರಳಿನ ಮೇಲೆ ಬಿದ್ದುಕೊಂಡು ಗೊರಕೆ ಹೊಡೆಯುತ್ತಿರಲಿ, ಎಲ್ಲಿ ಎಂದು ಯಾರೂ ಕೇಳುವಂತಿಲ್ಲ, ಕೋಲು ಮುಟ್ಟುವಂತಿಲ್ಲ. ನಿನ್ನ ಪೇಟೆಯಲ್ಲಿ ಇಷ್ಟು ಮರ್ಯಾದೆ ಯಾವುದಕ್ಕಿದೆ ಹೇಳು.

ನನ್ನ ಪಕ್ಕದ ಜಾಗ ಲೈನ್‌ಮನ್‌ದು. ಜೀವಮಾನವಿಡೀ ಕರೆಂಟು ಕಂಬ ಹತ್ತಿಳಿದು ನಿವೃತ್ತರಾದವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ಕಳೆದ ವಾರ ಕಣ್ಣು ತೋರಿಸಲು ನಿನ್ನ ಊರಿಗೇ ಹೋಗಿದ್ದರು. ನಮ್ಮ ತಮ್ಮನ ಅಂಗಡಿಗೆ ಹೋಗಿಬನ್ನಿ ಎಂದಿದ್ದೆ. ಪುರುಸೊತ್ತಾಗಲಿಲ್ಲವಂತೆ. ಇರಲಿ.

ಈ ವರ್ಷವಾದರೂ ಬಾ. ಪ್ರತಿ ಸಲ ಬರುತ್ತೇನೆ ಬರುತ್ತೇನೆ ಎಂದು ನನ್ನ ಕಿವಿಗೆ ಹೂವಿಡಬೇಡ.

ನಿನ್ನ ಅಕ್ಕ


ಸೆಪ್ಟೆಂಬರ್ 21

ಅಕ್ಕಾ,

ಯಂತ್ರ ರಿಪೇರಿಯಾಯಿತು. ಈಗ ಎಲ್ಲರ ಮಾತೂ ಕೇಳಿಸುತ್ತದೆ, ನೆಮ್ಮದಿ ಹಾಳಾಗಿದೆ. ಗಿರಾಕಿ ಬಂದಾಗ ಮಾತ್ರ ಹಾಕಿಕೊಳ್ಳುತ್ತೇನೆ, ಇವಳು ಮಾತಾಡಲು ಶುರುಮಾಡಿದರೆ ತೆಗೆದಿಡುತ್ತೇನೆ. ಇದನ್ನು ಓದಿ ನಗಬೇಡ, ಅವಳು ಪಕ್ಕದಲ್ಲೇ ಕೂತು ಗುಂಡಿ ಹಚ್ಚುತ್ತಿದ್ದಾಳೆ.

ನಿನಗೊಂದು ತಮಾಷೆ ಹೇಳಬೇಕು. ಮೊನ್ನೆ ಅರವತ್ತು ದಾಟಿದವರೊಬ್ಬರು ಅಂಗಡಿಗೆ ಬಂದರು. ಮದುವೆಗೆ ಕೋಟು ಬೇಕು ಅಂದರು. ಮೊಮ್ಮಗನ ಮದುವೆಯೇ ಎಂದೆ. ‘ಅಲ್ಲ, ನಂದೇ’ ಅಂದರು! ಅಳತೆ ಪಟ್ಟಿ ಕೈಯಿಂದ ಜಾರಿತು. ಎದೆಯ ಅಳತೆ ತೆಗೆಯುವಾಗ ಆ ಮನುಷ್ಯ ಕಾಲೇಜು ಹುಡುಗನ ಹಾಗೆ ಬೆವರುತ್ತಿದ್ದರು. ‘ಹುಡುಗಿ ಹೇಗೆ?’ ಅಂದೆ. ‘ಸ್ವಲ್ಪ ಜಗಳಗಂಟಿ’ ಅಂದರು. ಅವರು ಹೋದ ಮೇಲೆ ನಾನೂ ಇವಳೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಈ ವಯಸ್ಸಿನಲ್ಲಿ ಮದುವೆ ಕೋಟು! ಕೇಳಿದ್ದೀಯಾ ಎಲ್ಲಾದರೂ?

ನಿನ್ನ ಲೈನ್‌ಮನ್ ಕಣ್ಣು ಸರಿಯಾಯಿತೇ? ನನಗೇಕೋ ಅವರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ ಅನ್ನಿಸುತ್ತದೆ.

ಸೀಸನ್ ಮುಗಿಯುವುದರೊಳಗೆ ಖಂಡಿತ ಬರುತ್ತೇನೆ. ಈ ಸಲ ಹೂವಲ್ಲ.

ನಿನ್ನ ತಮ್ಮ


ಸೆಪ್ಟೆಂಬರ್ 30

ತಮ್ಮಾ,

ನಿನ್ನ ತಮಾಷೆ ಓದಿದೆ. ನಗು ಬರಲಿಲ್ಲ.

ಒಬ್ಬ ಮನುಷ್ಯ ಇಷ್ಟು ವರ್ಷ ಒಂಟಿಯಾಗಿ ಅನ್ನ ಬೇಯಿಸಿ, ಒಂಟಿಯಾಗಿ ತಿಂದು, ಒಂದು ದಿನ ಧೈರ್ಯ ಮಾಡಿ ಕೋಟು ಹೊಲಿಸಲು ಬಂದರೆ ಗಂಡ ಹೆಂಡತಿ ಸೇರಿಕೊಂಡು ನಗುತ್ತೀರಲ್ಲ, ಅದರಲ್ಲಿ ನಗುವಂಥದ್ದು ಏನಿದೆ? ಮದುವೆ ಇಪ್ಪತ್ತೈದರೊಳಗೇ ಆಗಬೇಕು ಎಂದು ಎಲ್ಲಿ ಬರೆದಿದೆ? ಅಮ್ಮನನ್ನು ನೋಡಿಕೊಳ್ಳುತ್ತಾ ನನಗೂ ವಯಸ್ಸಾಯಿತು. ನನ್ನನ್ನು ನೋಡಿದರೂ ನಿನಗೆ ನಗು ಬರುತ್ತದೆಯೇನೋ.

ನಿನಗೆ ಒಂದು ವಿಷಯ ಹೇಳಬೇಕೆಂದಿದ್ದೆ. ಈಗ ಬೇಡ. ಮೀನಿನ ಕಾಲ ಮುಗಿಯಲಿ, ನೋಡೋಣ.

ಲೈನ್‌ಮನ್ ಕಣ್ಣಿನ ಚಿಂತೆ ನಿನಗೇಕೆ?

ಅಕ್ಕ


ಅಕ್ಟೋಬರ್ 9

ತಮ್ಮಾ,

ಲೈನ್‌ಮನ್ ಇಲ್ಲ. ಸಮುದ್ರ ಎಳೆದುಕೊಂಡು ಹೋಗಿದೆ ಎಂದು ಎಲ್ಲರೂ ಹೇಳುತ್ತಿದ್ದಾರೆ. ಫೋನಿನಲ್ಲಿ ಇದನ್ನು ಕಿರುಚಿ ಹೇಳಲು ನನ್ನಿಂದಾಗದು. ಯಾರಿಗಾದರೂ ಹೇಳಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ಮೀನು ಬಂತು. ಇಡೀ ವರ್ಷ ನಾವು ಕಾಯುವುದು ಅಂಥ ಒಂದು ಬೆಳಿಗ್ಗೆಗೆ. ಮಂಜು ಕವಿದಿತ್ತು. ಹಕ್ಕಿಗಳು ನೀರಿಗೆ ಬೀಳುತ್ತಿದ್ದವು, ಸಣ್ಣ ಮೀನುಗಳು ಹೆದರಿ ಮರಳಿಗೇ ಹಾರುತ್ತಿದ್ದವು, ಅವುಗಳ ಹಿಂದೆ ನೀರು ಕುದಿಯುತ್ತಿತ್ತು. ಗಾಳ ಬಿದ್ದ ಕೂಡಲೇ ಎಳೆತ. ಯಾರೂ ತಲೆ ಎತ್ತಲಿಲ್ಲ. ಕಂಡಕ್ಟರು ಚಿಕ್ಕ ಮಗುವಿನ ಹಾಗೆ ಕೂಗಾಡುತ್ತಿದ್ದರು. ನಾನೂ ಕೂಗಾಡುತ್ತಿದ್ದೆ. ನಗುತ್ತಿದ್ದೆ, ತಮ್ಮಾ.

ಪಕ್ಕದಲ್ಲಿ ಅವರ ಕೋಲು ಕೊಳವೆಯಲ್ಲಿ ನಿಂತಿತ್ತು. ಅವರು ಕಾಣಲಿಲ್ಲ. ಹಿಂದೆ ಎಲ್ಲೋ ದಾರಕ್ಕೆ ಗಾಳದ ಮುಳ್ಳು ಕಟ್ಟಿಕೊಳ್ಳುತ್ತಿರಬೇಕು, ಇಂಥ ಹೊತ್ತಿನಲ್ಲಿ ಟೀ ಕುಡಿಯಲು ಹೋದರೆ ಅವರ ನಸೀಬು ಎಂದುಕೊಂಡೆ. ಕೋಲು ನಿಂತಿದೆ ಎಂದರೆ ಮನುಷ್ಯ ಇದ್ದಾನೆ ಎಂದೇ ಲೆಕ್ಕ. ಹಾಗೆಯೇ ರೂಢಿಯಾಗಿದೆ ನಮಗೆ.

ಆಗ ಒಬ್ಬ ಹೊಸಬ ಬಂದ. ಕೆಂಪು ಟೋಪಿ, ಹೊಸ ಗಾಳ, ಎಲ್ಲ ಹೊಸದು. ಅವರ ಕೋಲಿನ ಹತ್ತಿರ ನಿಂತುಕೊಂಡ.

‘ಅಮ್ಮಾ, ಈ ಕೋಲಿನವರು ಎಲ್ಲಿ? ದಾರ ಪೂರ್ತಿ ಒಂದು ಕಡೆಗೆ ಎಳ್ಕೊಂಡು ಹೋಗಿದೆ. ಯಾರೂ ನೋಡ್ತಾ ಇಲ್ಲ.’

‘ಅದು ನಿಮಗ್ಯಾಕೆ? ಬರ್ತಾರೆ.’

‘ಇಲ್ಲ, ಬಹಳ ಹೊತ್ತಿಂದ ನೋಡ್ತಾ ಇದೀನಿ, ಇಲ್ಲಿ ಯಾರೂ ಬಂದಿಲ್ಲ. ಒಂದ್ಸಲ ಎಳೆದು ನೋಡ್ಲಾ?’

ಅವನು ಜಾಗ ಹೊಡೆಯಲು ನೋಡುತ್ತಿದ್ದಾನೆ ಎಂದುಕೊಂಡೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ‘ನಮ್ಮವರ ಜಾಗ ಅದು! ಕೈ ಹಚ್ಚಿದ್ರೆ ನೋಡು!’ ಎಂದು ಕಿರುಚಿದೆ. ದಡದ ಉದ್ದಕ್ಕೂ ಕೇಳಿಸಿರಬೇಕು. ಅವನು ಮುಖ ಸಪ್ಪಗೆ ಮಾಡಿಕೊಂಡು ದೂರ ಹೋದ. ಗೆದ್ದೆ ಎಂದುಕೊಂಡು ನಾನು ಮತ್ತೆ ಗಾಳ ಎಸೆದೆ.

ಮೀನು ಹೋದ ಮೇಲೆ ಹಲ್ಲಿನ ಡಾಕ್ಟರು, ‘ಲೈನ್‌ಮನ್ ಎಲ್ರೀ? ಇಂಥ ದಿನ ಒಂದೂ ಹಿಡೀಲಿಲ್ವಾ?’ ಅಂದರು. ನಾವು ನಗುತ್ತಲೇ ಹುಡುಕಲು ಹೊರಟೆವು. ಚೀಲ ಇತ್ತು. ಸ್ವೆಟರ್ ಇತ್ತು. ಕೈಯಲ್ಲಿ ಹಿಡಿದು ಎಸೆಯುವ ಅವರ ಇನ್ನೊಂದು ಕೋಲು ಇರಲಿಲ್ಲ. ಅಷ್ಟು ಸಾಕಾಯಿತು ನಮಗೆ. ನೀರು ಇಳಿದಿದ್ದಾಗ ತಗ್ಗು ದಾಟಿ ಆಚೆಯ ಮರಳ ದಿಬ್ಬಕ್ಕೆ ನಡೆದುಹೋಗಿದ್ದಾರೆ. ಹಕ್ಕಿಗಳು ಮೊದಲು ಬಿದ್ದದ್ದು ಅಲ್ಲೇ. ನಾವು ತಿರುಗಿ ನೋಡುವಷ್ಟರಲ್ಲಿ ದಿಬ್ಬವೇ ಇರಲಿಲ್ಲ. ಬರೀ ನೀರು. ಎದೆಮಟ್ಟದ ರಬ್ಬರ್ ಉಡುಪು ತೊಟ್ಟಿದ್ದರು. ಅದರೊಳಗೆ ನೀರು ನುಗ್ಗಿದರೆ ಈಜು ಬಂದರೂ ಪ್ರಯೋಜನವಿಲ್ಲ.

ಅವರು ಕೂಗಿದ್ದರೇ? ನಾವೆಲ್ಲ ಕೂಗಾಡುತ್ತಿದ್ದೆವಲ್ಲ. ಆ ಕೂಗುಗಳಲ್ಲಿ ಒಂದು ಅವರದ್ದಾಗಿತ್ತೇ?

ಬರೆಯಲು ಆಗುತ್ತಿಲ್ಲ.


ಅಕ್ಟೋಬರ್ 10

ಅಕ್ಕಾ,

ಬೈದು ಬರೆದಿದ್ದೀಯಲ್ಲ, ಓದಿ ಖುಷಿಯಾಯಿತು! ಇವಳಿಗೂ ಓದಿ ಹೇಳಿದೆ. ‘ನೋಡಿ, ಮೂಗಿನ ತುದೀಲೇ ಸಿಟ್ಟು. ಇನ್ನು ಸಾಕು ಮಾಡಿ, ಹೇಳಿಬಿಡಿ’ ಅಂದಳು. ನೀನೇ ಹೇಳುವವರೆಗೆ ಬಾಯಿ ಬಿಡುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೆ. ಆದರೆ ನೀನು ನನ್ನ ಮೇಲೆ ಮುನಿಸಿಕೊಂಡಿದ್ದೀಯಲ್ಲ, ಅದನ್ನು ತಡೆದುಕೊಳ್ಳುವುದು ನನ್ನ ಕೈಲಾಗುವುದಿಲ್ಲ.

ಆ ಕೋಟಿನವರು ನಿನ್ನ ಲೈನ್‌ಮನ್, ಅಕ್ಕಾ.

ಕಣ್ಣೂ ಇಲ್ಲ ಮಣ್ಣೂ ಇಲ್ಲ. ಬಸ್ಸಿಳಿದು ನೇರ ನನ್ನ ಅಂಗಡಿಗೆ ಬಂದರು. ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಹವಾಮಾನದ ವಿಷಯ ಮಾತಾಡಿದರು. ಆಮೇಲೆ, ‘ನಿಮ್ಮ ಅಕ್ಕನ್ನ ಮದುವೆ ಆಗ್ಬೇಕು ಅಂತಿದೀನಿ. ಅವರು ಒಪ್ಪಿದಾರೆ. ನಿಮ್ಮನ್ನ ಕೇಳ್ದೆ ಮಾಡೋದು ಸರಿ ಅನ್ನಿಸ್ಲಿಲ್ಲ’ ಅಂದರು. ನನಗೆ ಸರಿಯಾಗಿ ಕೇಳಿಸಿತ್ತು, ಆದರೂ ಇನ್ನೊಮ್ಮೆ ಹೇಳಿಸಿದೆ. ಪಾಪ, ಬೀದಿಗೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಹೇಳಿದರು. ಎದುರಿನ ಚಪ್ಪಲಿ ಅಂಗಡಿಯವನು ಚಪ್ಪಾಳೆ ತಟ್ಟಿದ.

ನಾನು ಒಪ್ಪದೇ ಇರುತ್ತೇನೆಯೇ? ಅಪ್ಪಿಕೊಂಡೆ. ಆಮೇಲೆ ಹಾಗೇ ನಿಲ್ಲಿಸಿಕೊಂಡು ಕೋಟಿಗೆ ಅಳತೆ ತೆಗೆದೆ. ಬೇಡ ಬೇಡ ಅಂದರು, ಕೇಳಲಿಲ್ಲ. ಊಟ ಮಾಡಿಸಿ ಬಸ್ಸು ಹತ್ತಿಸಿದೆವು. ಅವರು ಹೋದ ಮೇಲೆ ನಾವಿಬ್ಬರೂ ನಕ್ಕದ್ದು ಸಂತೋಷಕ್ಕೆ. ನಿನ್ನ ಬಾಯಿಂದ ವಿಷಯ ಹೊರಡಿಸೋಣ ಎಂದು ಆ ಗಿರಾಕಿಯ ಕಥೆ ಬರೆದೆ. ನೀನು ಅದನ್ನು ಉಲ್ಟಾ ತಿಳಿದುಕೊಂಡೆ, ದಡ್ಡಿ.

ಕೋಟು ಮುಗಿದಿದೆ. ಬೂದು ಬಣ್ಣ. ತೋಳು ಒಂದು ಬೆರಳು ಉದ್ದ ಇಟ್ಟಿದ್ದೇನೆ, ಕಂಬ ಹತ್ತಿದವರ ಕೈ ಉದ್ದ. ಅವರಿಗೆ ಹೇಳು, ನಾನು ಬರುವಾಗ ನಾನೇ ತರುತ್ತೇನೆ. ಮೀನು ಗೀನು ಆಮೇಲೆ. ಮೊದಲು ತಾರೀಖು ಗೊತ್ತು ಮಾಡಿ.

ನಮ್ಮ ಭಾವನಿಗೆ ನಮಸ್ಕಾರ ತಿಳಿಸು. ಈ ಮಾತು ಬರೆಯಲು ಎಷ್ಟು ವರ್ಷ ಕಾದಿದ್ದೆ ಗೊತ್ತೇ.

ನಿನ್ನ ತಮ್ಮ


ಅಕ್ಟೋಬರ್ 14

ತಮ್ಮಾ,

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ನನ್ನದು ತಲುಪುವ ಮುಂಚೆ ಬರೆದದ್ದು ಎಂದು ತಾರೀಖು ನೋಡಿ ತಿಳಿಯಿತು. ಷೆಡ್ಡಿನ ಬಾಗಿಲಲ್ಲಿ ನಿಂತು ಓದಿದೆ. ಓದಿ ಮುಗಿಸಿ ಒಳಗೆ ಹೋಗಿ ಅರ್ಧ ಬಿಟ್ಟಿದ್ದ ಟಾರ್ಪಾಲು ಪೂರ್ತಿ ಹೊಲಿದೆ. ಯಾಕೆ ಹೊಲಿದೆ, ಹೇಗೆ ಹೊಲಿದೆ, ನನಗೆ ನೆನಪಿಲ್ಲ. ಆಮೇಲೆ ನೋಡಿದರೆ ಎರಡು ಅಂಚುಗಳನ್ನೂ ಸೇರಿಸಿ ಚೀಲದ ಹಾಗೆ ಮುಚ್ಚಿಬಿಟ್ಟಿದ್ದೆ.

ನಿನ್ನ ಆ ತಮಾಷೆಯ ಕಾಗದ ಓದಿದ ದಿನ ನಾನು ಅವರಿಗೆ ಹೇಳಿದೆ, ‘ಈಗಲೇ ಬೇಡ, ನನ್ನ ತಮ್ಮ ನಗ್ತಾನೆ. ಮೀನಿನ ಕಾಲ ಮುಗೀಲಿ’ ಎಂದು. ಈ ತಿಂಗಳ ಮೊದಲ ವಾರವೇ ರಿಜಿಸ್ಟರ್ ಮಾಡಿಸೋಣ ಎನ್ನುವುದು ಅವರ ಆಸೆಯಾಗಿತ್ತು. ಅವರು ಏನಂದರು ಗೊತ್ತೇ? ‘ನಿಮ್ಮ ತಮ್ಮ ನಗೋ ಜನ ಅಲ್ಲ ಬಿಡಿ’ ಅಂದರು. ಅಂದು ಮೀಸೆಯೊಳಗೇ ನಕ್ಕರು. ನನಗೆ ಸಮಾಧಾನ ಮಾಡಲು ಹೇಳುತ್ತಿದ್ದಾರೆ ಎಂದುಕೊಂಡೆ. ಎಲ್ಲ ಗೊತ್ತಿತ್ತು ಅವರಿಗೆ! ನಿನಗೂ ಗೊತ್ತಿತ್ತು! ಗೊತ್ತಿಲ್ಲದೆ ಇದ್ದದ್ದು ನನಗೊಬ್ಬಳಿಗೇ.

ನಿನ್ನನ್ನು ಬೈಯಲು ಕೂತೆ. ಆಗುತ್ತಿಲ್ಲ. ನನ್ನನ್ನೇ ಬೈದುಕೊಳ್ಳೋಣ ಎಂದರೆ ಅದೂ ಆಗುತ್ತಿಲ್ಲ. ಎದೆಯಲ್ಲಿ ಏನೂ ಇಲ್ಲ. ಊಟ ಮಾಡಿದೆನೋ ಇಲ್ಲವೋ ಪಾತ್ರೆ ನೋಡಿ ತಿಳಿದುಕೊಳ್ಳುತ್ತೇನೆ.

ಅವರು ಸಿಕ್ಕಿದ್ದಾರೆ. ಶನಿವಾರ, ದಕ್ಷಿಣಕ್ಕೆ, ಬಂದರಿನ ಕಲ್ಲುಗಳ ಹತ್ತಿರ. ಸರ್ಕಾರಿ ಆಸ್ಪತ್ರೆಯ ಶವಾಗಾರದಲ್ಲಿಟ್ಟಿದ್ದಾರೆ. ಕಂಡಕ್ಟರು ಬಂದು ಹೇಳಿದರು. ನಾನೂ ಹೋದೆ. ಕಿಟಕಿಯಲ್ಲಿ ಒಬ್ಬ ಗುಮಾಸ್ತ ಕೂತಿದ್ದ.

‘ನೀವು ಏನಾಗಬೇಕು ಅವರಿಗೆ?’

ಹಲ್ಲಿನ ಡಾಕ್ಟರು, ಕಂಡಕ್ಟರು ಎಲ್ಲ ನನ್ನ ಹಿಂದೆ ನಿಂತಿದ್ದರು. ‘ಏನೂ ಇಲ್ಲ. ಜೊತೇಲಿ ಮೀನು ಹಿಡೀತಿದ್ವಿ’ ಅಂದೆ.

ಹಾಗಂದೆ ನಾನು. ದಡದಲ್ಲಿ ಜಾಗಕ್ಕೋಸ್ಕರ ‘ನಮ್ಮವರು’ ಎಂದು ಊರಿಗೆಲ್ಲ ಕೇಳುವ ಹಾಗೆ ಕಿರುಚಿದ ಅದೇ ಬಾಯಿ. ಆಗ ಅವರು ನೀರಿನಲ್ಲಿದ್ದರು. ಇಲ್ಲಿ, ಅವರು ಗೋಡೆಯ ಆಚೆ ಮಲಗಿರುವಾಗ, ಏನೂ ಇಲ್ಲ ಅಂದೆ.

‘ಹಾಗಾದ್ರೆ ನಿಮಗೆ ಕೊಡಕ್ಕಾಗಲ್ಲ. ರಕ್ತ ಸಂಬಂಧಿಕರೋ, ಹೆಂಡತಿ ಕಡೆಯವರೋ ಬರಬೇಕು. ಯಾರೂ ಬರದಿದ್ರೆ ಒಂದೆರಡು ವಾರ ನೋಡಿ ನಾವೇ ಮುಗಿಸ್ತೀವಿ’ ಅಂದ. ಅವರಿಗೆ ಯಾರೂ ಇಲ್ಲ, ತಮ್ಮಾ. ಇದ್ದವಳು ನಾನೊಬ್ಬಳು. ನಾನೇ ಇಲ್ಲ ಅಂದುಬಿಟ್ಟೆ. ಅನಾಥ ಹೆಣಗಳ ಜೊತೆ ಸೇರಿಸಿಬಿಡುತ್ತಾರೆ ಅವರನ್ನು.

ಕೋಲು ಇನ್ನೂ ಅಲ್ಲೇ ನಿಂತಿದೆ. ಯಾರೂ ಮುಟ್ಟಿಲ್ಲ.

ಅಕ್ಕ


ಅಕ್ಟೋಬರ್ 17

ಅಕ್ಕಾ,

ನಿನ್ನ ಎರಡು ಕಾಗದಗಳೂ ಒಂದೇ ದಿನ ಬಂದವು. ಎರಡನೆಯದನ್ನು ಮೊದಲು ಒಡೆದೆ. ಅರ್ಥವೇ ಆಗಲಿಲ್ಲ. ಯಾರು ಸಿಕ್ಕಿದರು, ಎಲ್ಲಿ ಸಿಕ್ಕಿದರು, ಶವಾಗಾರ ಯಾಕೆ ಎಂದು ಇವಳನ್ನು ಕೇಳುತ್ತಿದ್ದೆ. ಆಮೇಲೆ ಇನ್ನೊಂದನ್ನು ಒಡೆದೆ.

ಫೋನು ಮಾಡಿದೆ, ನೀನು ಎತ್ತಲಿಲ್ಲ. ಅವರನ್ನು ನಾನು ಒಂದು ಮಧ್ಯಾಹ್ನ ಮಾತ್ರ ನೋಡಿದ್ದು. ನಿನ್ನನ್ನು ಆಡಿಸಬೇಕೆಂದು ಒಂದು ಕಾಗದ ಬರೆದೆ. ಅದರಿಂದ ಹೀಗಾಯಿತು ಎಂದು ನೀನು ಹೇಳಿಲ್ಲ. ಹೇಳದಿದ್ದರೂ ನನಗೆ ಕೇಳಿಸುತ್ತಿದೆ.

ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಈ ಕಾಗದಕ್ಕಿಂತ ಮುಂಚೆ ನಾನೇ ತಲುಪಿದರೂ ತಲುಪಿದೆ. ಆಸ್ಪತ್ರೆಯವರಿಗೆ ಹೇಳು, ನಮ್ಮವರು ಬರುತ್ತಿದ್ದಾರೆ, ಅವರ ಮೈ ಮುಟ್ಟಬೇಡಿ ಎಂದು. ನಿನಗೆ ಹೇಳಲು ಆಗದಿದ್ದರೆ ಕಂಡಕ್ಟರಿಂದ ಹೇಳಿಸು.

ತಮ್ಮ


ನವೆಂಬರ್ 2

ತಮ್ಮಾ,

ಸುಖವಾಗಿ ತಲುಪಿದ ಕಾಗದ ಬಂತು. ನಿನ್ನ ಹೆಂಡತಿ ಕಳಿಸಿದ ಉಪ್ಪಿನಕಾಯಿ ಬಾಟಲಿಯೂ ಬಂತು. ಒಡೆದಿಲ್ಲ ಎಂದು ಹೇಳು.

ನೀನು ಹೋದ ಮಾರನೆಯ ದಿನ ಎಲ್ಲರೂ ಮನೆಗೆ ಬಂದರು. ಬಾಗಿಲಲ್ಲೇ ನಿಂತರು. ಹಲ್ಲಿನ ಡಾಕ್ಟರು, ‘ನಿಮ್ಮವರ ಕೋಲು ಇನ್ನೂ ಅಲ್ಲೇ ಇದೆ. ನೀವೇ ಬಂದು ತೆಗೀಬೇಕು’ ಅಂದರು. ನಿಮ್ಮವರು ಎಂದು ಎಷ್ಟು ಸಲೀಸಾಗಿ ಹೇಳಿದರು! ಅವರಿಗೆಲ್ಲ ಎಂದೋ ಗೊತ್ತಿತ್ತಂತೆ. ಎಷ್ಟು ಜಾಣತನದಿಂದ ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದೆ ನಾನು.

ಹೋಗಿ ಕಿತ್ತೆ. ಮರಳು ಕಚ್ಚಿಕೊಂಡಿತ್ತು, ಇಬ್ಬರು ಹಿಡಿಯಬೇಕಾಯಿತು. ಆ ಕೆಂಪು ಟೋಪಿಯವನೂ ಅಲ್ಲಿದ್ದ. ನನ್ನ ಮುಖ ನೋಡಲು ಹೆದರುತ್ತಿದ್ದ. ನಾನೇ ಹೋಗಿ, ‘ನೀವು ಕೇಳಿದ್ದೇ ಸರಿ. ತಪ್ಪು ನಂದು’ ಅಂದೆ. ಎಲ್ಲರೂ ಕೇಳಲಿ ಎಂದು ಜೋರಾಗಿಯೇ ಅಂದೆ. ಅವನು ಅತ್ತ. ನನಗೆ ಅಳು ಬರಲಿಲ್ಲ, ಇನ್ನೂ ಬಂದಿಲ್ಲ. ಈಗ ದಡದಲ್ಲಿ ಯಾರ ಕೋಲಾದರೂ ಸುಮ್ಮನೆ ನಿಂತಿದ್ದರೆ ಕೂಗಿ ಕೇಳುತ್ತಾರಂತೆ. ಬರಿ ನೀರಿಗೂ ಕೂಗುತ್ತಾರಂತೆ.

ಕೋಟಿನ ವಿಷಯ ನಾನು ಬರೆಯುವುದಿಲ್ಲ. ಅದನ್ನು ತೊಡಿಸಿದವನು ನೀನು.

ಆದರೆ ಇನ್ನೊಂದು ವಿಷಯ ಬರೆಯಲೇಬೇಕು. ಅದು ನಿನಗೆ ಗೊತ್ತಿಲ್ಲ. ಆ ದಿನ ಆಸ್ಪತ್ರೆಯ ಕಿಟಕಿಯಲ್ಲಿ ನೀನು ‘ಅವರು ನಮ್ಮ ಭಾವ!’ ಅಂದೆ. ಯಂತ್ರ ಮನೆಯಲ್ಲೇ ಮರೆತುಬಂದಿದ್ದೆಯಲ್ಲ, ಎಷ್ಟು ಜೋರಾಗಿ ಅಂದೆ ಎಂದು ನಿನಗೇ ತಿಳಿಯಲಿಲ್ಲ. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು. ಆಮೇಲೆ ನೀನು ಅವರನ್ನು ನೋಡಲು ಒಳಗೆ ಹೊರಟೆ. ಗುಮಾಸ್ತ ನನ್ನನ್ನು ತಡೆದ. ಅದೇ ಗುಮಾಸ್ತ. ಅವನಿಗೆ ನನ್ನ ನೆನಪಿತ್ತು.

‘ಮೊನ್ನೆ ಏನೂ ಇಲ್ಲ ಅಂದ್ರಿ. ಇವರು ಭಾವ ಅಂತಿದಾರೆ. ಹಾಗಾದ್ರೆ ನೀವು?’

‘ಹೆಂಡತಿ’ ಅಂದೆ.

ಅವನು ನನ್ನ ಮುಖವನ್ನೇ ನೋಡಿದ. ಕತ್ತು, ಕೈ ಎಲ್ಲ ನೋಡಿದ. ಸುಳ್ಳು ಎಂದು ಅವನಿಗೆ ಗೊತ್ತಾಯಿತು. ಓಡಿಸುತ್ತಾನೆ ಎಂದುಕೊಂಡೆ. ಅವನು ತಲೆ ತಗ್ಗಿಸಿ ಪೆನ್ನು ತೆಗೆದುಕೊಂಡ, ದನಿಯನ್ನೂ ತಗ್ಗಿಸಿದ.

‘ಮದುವೆ ಆಗಿ ಎಷ್ಟಾಯ್ತಮ್ಮಾ?’

‘ಈಗಷ್ಟೇ ಆಯ್ತು’ ಅಂದೆ.

ನಿನ್ನ ಅಕ್ಕ